ಏನೂ ಹಚ್ಚದ ಪ್ಲೇಟು

ಇಂಥ ಬರಹಗಳನ್ನು ನಾನು ನಂಬಿದವನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪತ್ರಿಕೆಯಲ್ಲಿದ್ದಷ್ಟು ವರ್ಷ ದೆವ್ವದ ಸುದ್ದಿ, ಕನಸು ನಿಜವಾದ ಸುದ್ದಿ, ಸತ್ತವರು ಬಂದು ಕರೆದ ಸುದ್ದಿ ಹೊತ್ತು ಬಂದ ಪತ್ರಗಳನ್ನೆಲ್ಲ ಅರ್ಧಕ್ಕೇ ಮಡಿಸಿ ಪಕ್ಕಕ್ಕಿಟ್ಟವನು ನಾನು. ಒಮ್ಮೆ ಅರಬೈಲ್ ಘಟ್ಟದ ತಿರುವೊಂದರಲ್ಲಿ ಬಿಳಿ ಸೀರೆಯ ಹೆಂಗಸು ಲಾರಿಗಳಿಗೆ ಕೈ ಮಾಡುತ್ತಾಳೆ ಎಂದು ಯಲ್ಲಾಪುರದಲ್ಲೆಲ್ಲ ಗುಲ್ಲೆದ್ದಿತ್ತು. ಹೋಗಿ ನೋಡಿದೆ. ಹೊಸದಾಗಿ ಸುಣ್ಣ ಬಳಿದ ಕಿಲೋಮೀಟರ್ ಕಲ್ಲು, ಅದರ ಮೇಲೆ ಬಾಗಿದ ಒಂದು ಬಿದಿರು. ಗಾಳಿ ಬಂದಾಗ ಲಾರಿಯ ಬೆಳಕಿನಲ್ಲಿ ಕೈ ಬೀಸಿದ ಹಾಗೆಯೇ ಕಾಣುತ್ತಿತ್ತು. ಫೋಟೊ ಸಮೇತ ಹಾಗೆಂದೇ ಬರೆದೆ. ಬಿದಿರು ಕಡಿಸಿದರು. ಮರುವಾರ ಒಬ್ಬ ಡ್ರೈವರ್ ಕಚೇರಿಗೆ ಬಂದು, “ಸಾಹೇಬ್ರೆ, ಬಿದಿರು ಕಡ್ಸಿದ್ದು ಒಳ್ಳೇದೇ ಆಯ್ತು. ಈಗ ಅವಳು ಎಲ್ಲಿ ನಿಲ್ಬೇಕು, ಅದನ್ನೂ ಬರೀರಿ” ಎಂದು ನಗಿಸಿ ಹೋದ.

ಹೀಗೆ ಹೆಸರು ಮಾಡಿದವನು ಈಗ ಇದನ್ನು ಬರೆಯುತ್ತಿದ್ದೇನೆ. ನಡೆದದ್ದು ರಾತ್ರಿಯಲ್ಲಲ್ಲ. ಮೂರು ಬೆಳಗು, ಕಿಟಕಿಯ ಬೆಳಕಿನಲ್ಲಿ, ಫಿನಾಯಿಲ್ ವಾಸನೆಯ ಒಂದು ಕೋಣೆಯಲ್ಲಿ ನಡೆಯಿತು. ಟಿಪ್ಪಣಿ ಪುಸ್ತಕ ಇನ್ನೂ ನನ್ನ ಬಳಿ ಇದೆ. ಜನರ ಹೆಸರುಗಳನ್ನು ಬದಲಿಸಿದ್ದೇನೆ. ಒಂದು ಹೆಸರು ಮಾತ್ರ ಎರಡು ಕಡೆ ಬರುತ್ತದೆ. ನಿಜದಲ್ಲಿಯೂ ಎರಡು ಕಡೆ ಒಂದೇ ಹೆಸರಿತ್ತು. ಇಲ್ಲಿಯೂ ಒಂದೇ ಹೆಸರನ್ನು ಇಟ್ಟಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಬನವಾಸಿ ಕಡೆಯವನು. ಶಿರಸಿಯಲ್ಲಿ ಕೋಣೆ ಮಾಡಿಕೊಂಡು, ಸಿದ್ದಾಪುರ ಯಲ್ಲಾಪುರಗಳನ್ನೂ ಸೇರಿಸಿ ಮೂರು ತಾಲೂಕಿನ ವರದಿ ಮಾಡುತ್ತಿದ್ದೆ. ಆ ಬೇಸಗೆಯಲ್ಲಿ ಸಿದ್ದಾಪುರ ತಾಲೂಕಿನ ಹೇರೂರಿನ ಹತ್ತಿರ ಒಂದು ಉಪನಯನ ನಡೆಯಿತು. ಎರಡು ವಾರ ಕಳೆಯುವಷ್ಟರಲ್ಲಿ ಅಲ್ಲಿ ಊಟ ಮಾಡಿದ ಐದಾರು ಮನೆಗಳಲ್ಲಿ ಬಿಡದ ಜ್ವರ ಕಾಣಿಸಿಕೊಂಡಿತು. ವಿಷಮಶೀತ ಜ್ವರ, ಟೈಫಾಯ್ಡ್, ಎಂದು ರಕ್ತಪರೀಕ್ಷೆ ಹೇಳಿತು. ವಯಸ್ಸಾದವರೊಬ್ಬರು ತೀರಿಕೊಂಡರು. ಆರೋಗ್ಯ ಇಲಾಖೆಯವರು ನೀರು ನೋಡಿದರು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರು. ಬಾವಿಯ ನೀರು ಕುಡಿಯದವರಿಗೂ ಜ್ವರ ಬಂದಿತ್ತು. ಕೊನೆಗೆ ಎಲ್ಲರ ಬೆರಳು ಅಡಿಗೆಯವರ ಕಡೆ ತಿರುಗಿತು.

ಅಡಿಗೆ ಶಂಭಣ್ಣನದು. ಹೇರೂರಿನವನೇ. ಐವತ್ತರ ಹತ್ತಿರದ, ಎದೆಯ ಮೇಲೆ ಸದಾ ಒಂದು ಕೆಂಪು ಪಂಚೆ ಹೊದ್ದ ದೊಡ್ಡ ದನಿಯ ಮನುಷ್ಯ. ಮೂರು ತಾಲೂಕಿನಲ್ಲೂ ಮದುವೆ ನಿಶ್ಚಯಿಸುವವರು ಮೊದಲು ಶಂಭಣ್ಣನ ದಿನ ಕೇಳಿ ಆಮೇಲೆ ಪುರೋಹಿತರನ್ನು ಕೇಳುತ್ತಿದ್ದರು. ಟೈಫಾಯ್ಡ್ ಬಂದು ವಾಸಿಯಾದ ಕೆಲವರ ಪಿತ್ತಕೋಶದಲ್ಲಿ ಆ ರೋಗಾಣು ವರ್ಷಗಟ್ಟಲೆ ಉಳಿದಿರುತ್ತದೆ. ಅವರಿಗೆ ಏನೂ ಆಗುವುದಿಲ್ಲ, ಅವರ ಕೈಯಿಂದ ಉಂಡವರಿಗೆ ಆಗುತ್ತದೆ. ಇದನ್ನು ಸಿದ್ದಾಪುರದ ಡಾಕ್ಟರು ಶಂಭಣ್ಣನಿಗೆ ವಿವರಿಸಿ, ಅವನೂ ಅವನ ನಾಲ್ವರು ಸಹಾಯಕರೂ ಮೂರು ಸಲ ಮಲಪರೀಕ್ಷೆ ಮಾಡಿಸಿಕೊಳ್ಳಬೇಕು, ಮೂರೂ ಸಲ ಏನೂ ಇಲ್ಲವೆಂದು ಬಂದರೆ ಪತ್ರ ಕೊಡುತ್ತೇನೆ, ಅಲ್ಲಿಯವರೆಗೆ ಅಡಿಗೆಮನೆಗೆ ಹೋಗಕೂಡದು ಎಂದಿದ್ದರು.

ಶಂಭಣ್ಣ ನೇರ ನನ್ನ ಕಚೇರಿಗೆ ಬಂದ. ಮದುವೆಯ ದಿನಗಳು ಸಾಲಾಗಿ ಇದ್ದವು. ಒಬ್ಬೊಬ್ಬರಾಗಿ ಬೇಡವೆಂದು ಹೇಳಿ ಕಳಿಸುತ್ತಿದ್ದರು.

“ಶುದ್ಧ ಹೇಳಿ ಬಂದ ದಿನ ಮೊದಲನೇ ಪುಟದಲ್ಲಿ ಹಾಕವು” ಎಂದ, ತನ್ನ ಮನೆಮಾತಿನಲ್ಲಿ. ‘ಹೇಳಿ’ ಅಂದರೆ ಅವರಲ್ಲಿ ‘ಎಂದು’, ‘ಹಾಕವು’ ಅಂದರೆ ‘ಹಾಕಬೇಕು’. “ಕಳ್ಳ ಹೇಳಿ ಅಂದಿದ್ರೂ ಇಷ್ಟು ಬೇಜಾರಿಲ್ಲೆ. ಹೊಲಸು ಕೈ ಹೇಳಿ ಅಂದ್ರಲ ಮಾರಾಯಾ. ಇಪ್ಪತ್ತೈದು ವರ್ಷ ಇದೇ ಕೈಲಿ ಬಡಿಸಿದ್ದೆ.”

ಕೈ ಎರಡನ್ನೂ ನನ್ನ ಮೇಜಿನ ಮೇಲೆ ಮಗುಚಿ ಇಟ್ಟು ತೋರಿಸಿದ. ಬಂದರೆ ಹಾಕುತ್ತೇನೆ, ಬರದಿದ್ದರೆ ಅದನ್ನೂ ಹಾಕುತ್ತೇನೆ ಎಂದೆ. “ಹಾಕು” ಎಂದು ಎದ್ದು ಹೋದ.

ಪರೀಕ್ಷೆ ನಡೆದದ್ದು ಶಿರಸಿಯ ಪೇಟೆಯಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲಿದ್ದ ವಿಶಾಲಕ್ಕನ ಲ್ಯಾಬಿನಲ್ಲಿ. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಬಹುಕಾಲ ಕೆಲಸ ಮಾಡಿ ಬಂದ ಹೆಂಗಸು. ಮದುವೆಯಾಗಿರಲಿಲ್ಲ. ಆ ಕಾಲಕ್ಕೆ ನಮ್ಮ ಕಡೆ ಉಳಿದ ಲ್ಯಾಬುಗಳಲ್ಲಿ ರಕ್ತ, ಮೂತ್ರ ನೋಡುತ್ತಿದ್ದರು. ರೋಗಾಣುವನ್ನು ಬೆಳೆಸಿ ಗುರುತು ಹಿಡಿಯುತ್ತಿದ್ದವರು ಇವರೊಬ್ಬರೇ. ಒಂದು ದೊಡ್ಡ ಪ್ರೆಶರ್ ಕುಕ್ಕರ್, ದೇಹದಷ್ಟೇ ಬಿಸಿ ಇರುವ ಒಂದು ಪೆಟ್ಟಿಗೆ, ಕರೆಂಟು ಹೋದರೆ ಆ ಪೆಟ್ಟಿಗೆಯೊಳಗೆ ಇಡಲು ಬಿಸಿನೀರಿನ ರಬ್ಬರ್ ಚೀಲಗಳು. ನನ್ನನ್ನು “ತಮಾ” ಎನ್ನುತ್ತಿದ್ದರು, ನನ್ನ ಜೊತೆಯೂ ಮನೆಮಾತಿನಲ್ಲೇ ಮಾತಾಡುತ್ತಿದ್ದರು. ನನ್ನ ಮಾತು ಕೇಳಿದರೆ ಅವರಿಗೆ ನಗು. “ನಿಂಗಳ ಕಡೆ ‘ರೀ’ ಹಚ್ಚದೇ ಇದ್ರೆ ವಾಕ್ಯ ಮುಗೀತಿಲ್ಲೆ ಅಲ್ದಾ?” ಎನ್ನುತ್ತಿದ್ದರು.

ಅವರ ಕೆಲಸವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಮಲದಲ್ಲಿ ಲೆಕ್ಕವಿಲ್ಲದಷ್ಟು ಬಗೆಯ ಅಣುಜೀವಿಗಳು ಇರುತ್ತವೆ. ಅವುಗಳ ನಡುವೆ ಟೈಫಾಯ್ಡಿನದನ್ನು ಹುಡುಕಬೇಕಾದರೆ, ಅದೊಂದು ಮಾತ್ರ ಚೆನ್ನಾಗಿ ಬೆಳೆಯುವಂಥ ಆಹಾರವನ್ನು ಗಾಜಿನ ಪ್ಲೇಟಿನಲ್ಲಿ ಹಾಲುಬಾಯಿಯ ಹಾಗೆ ಗಟ್ಟಿಮಾಡಿ ಇಡಬೇಕು. ಅದರಲ್ಲಿ ಬಿಸ್ಮತ್ ಎಂಬ ಲೋಹದ ಲವಣ ಇರುತ್ತದೆ. ನೋಡಲು ತೆಳು ಹಸಿರು. ಅದರ ಮೇಲೆ ಟೈಫಾಯ್ಡಿನ ರೋಗಾಣು ಬೆಳೆದರೆ ಎರಡು ದಿನದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ, ಆ ಕಪ್ಪಿಗೆ ಪೆನ್ಸಿಲ್ ಸೀಸ ಉಜ್ಜಿದ ಹೊಳಪು ಇರುತ್ತದೆ.

“ಇದೂ ಅಡಿಗೆಯೇಯ ತಮಾ” ಎಂದರು ವಿಶಾಲಕ್ಕ, ಆ ಹಸಿರು ಗಂಜಿಯನ್ನು ಕಲಕುತ್ತ. “ಶಂಭಣ್ಣಂಗೆ ಎಲ್ಲರೂ ಉಣ್ಣವು ಹೇಳಿ ಆಸೆ. ಎನ್ನದು ಹಾಂಗಲ್ಲ. ಒಬ್ಬಂವ ಉಣ್ಣವು, ಉಳದವು ಉಪವಾಸ ಬೀಳವು.”

ಮೊದಲ ಸಲದ ಪ್ಲೇಟುಗಳನ್ನು ನೋಡುವ ಬೆಳಿಗ್ಗೆ ನಾನು ಅಲ್ಲಿದ್ದೆ. ಟಿಪ್ಪಣಿಯಲ್ಲಿ ಒಂಬತ್ತು ನಲವತ್ತು ಎಂದು ಇದೆ. ಅವರು ಪೆಟ್ಟಿಗೆ ತೆರೆದು ಒಂದೊಂದೇ ಪ್ಲೇಟನ್ನು ಕಿಟಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. ಪ್ಲೇಟಿನ ಬೆನ್ನಿಗೆ ಕೆಂಪು ಮೇಣದ ಪೆನ್ಸಿಲಿನಿಂದ ಹೆಸರು ಬರೆದಿತ್ತು. ಶಂಭಣ್ಣನದು, ನಾಲ್ವರು ಸಹಾಯಕರದು. ಐದರಲ್ಲೂ ಕಪ್ಪು ಇರಲಿಲ್ಲ. ಆರನೆಯ ಪ್ಲೇಟನ್ನು ಅವರು ಕಿಟಕಿಗೆ ಹಿಡಿದವರು ಕೆಳಗಿಳಿಸಲೇ ಇಲ್ಲ. ನಾನು ಬಗ್ಗಿ ನೋಡಿದೆ. ಹಸಿರಿನ ನಡುವೆ ಸಾಸಿವೆ ಕಾಳಿನಷ್ಟು ಒಂದೇ ಒಂದು ಕಪ್ಪು ಚುಕ್ಕೆ. ಪ್ಲೇಟಿನ ಬೆನ್ನಿನ ಮೇಲೆ ‘ಮಾದೇವಿ’ ಎಂದಿತ್ತು.

“ಅಕ್ಕಾ, ಐದು ಮಂದಿ ಅಂದಿದ್ರಲ್ರೀ. ಈ ಮಾದೇವಿ ಯಾರ್ರೀ?”

“ಯಾರೂ ಅಲ್ಲ” ಎಂದರು. “ಇದು ಎಂತದೂ ಹಚ್ಚದ ಪ್ಲೇಟು.”

ಪ್ರತಿ ಸಲ ಆಹಾರ ತಯಾರಿಸಿದಾಗ ಒಂದು ಪ್ಲೇಟಿಗೆ ಏನನ್ನೂ ಹಚ್ಚದೆ, ಉಳಿದವುಗಳ ಜೊತೆಯಲ್ಲೇ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅದು ಖಾಲಿಯಾಗಿಯೇ ಉಳಿಯಬೇಕು. ಉಳಿದರೆ ತಯಾರಿ ಶುದ್ಧವಾಗಿತ್ತು ಎಂದರ್ಥ. ಅದರಲ್ಲಿ ಏನಾದರೂ ಬೆಳೆದರೆ ಆ ದಿನದ ಉಳಿದ ಪ್ಲೇಟುಗಳನ್ನೂ ನಂಬುವಂತಿಲ್ಲ. ಸುದ್ದಿಮನೆಯಲ್ಲಿ ನಮಗೆ ಕಲಿಸಿದ್ದೂ ಇದೇ. ಸುದ್ದಿ ಕೊಟ್ಟವನು ನಂಬಿಕಸ್ಥನಲ್ಲವೆಂದು ಗೊತ್ತಾದರೆ ಅವನು ಹೇಳಿದ ನಿಜವನ್ನೂ ಬಳಸಬಾರದು. ಹಾಗಾಗಿ ನನಗೆ ಅರ್ಥವಾಯಿತು. ಅವರು ಆ ಚುಕ್ಕೆಯನ್ನು ಸೂಜಿಯಲ್ಲಿ ಎತ್ತಿ ಬೇರೆ ಕೊಳವೆಗಳಲ್ಲಿ ಬೆಳೆಸಿ, ಕೊನೆಗೆ ಗಾಜಿನ ಮೇಲೆ, ಟೈಫಾಯ್ಡನ್ನು ಗುರುತಿಸುವ ಒಂದು ಹನಿ ಔಷಧಿಯ ಜೊತೆ ಕಲಸಿ ನೋಡಿದರು. ಹಾಲು ಒಡೆದ ಹಾಗೆ ಹನಿ ಕಣಕಣವಾಯಿತು. ಟೈಫಾಯ್ಡೇ.

ಆ ಹೆಸರಿನ ವಿಷಯ ನಾನು ಮತ್ತೆ ಕೇಳಲಿಲ್ಲ. ಟಿಪ್ಪಣಿಯಲ್ಲಿ ಮಾತ್ರ ಬರೆದುಕೊಂಡೆ: ‘ಆರನೆಯದು, ಮಾದೇವಿ, ಒಂದು ಕಪ್ಪು. ಏನೂ ಹಚ್ಚಿಲ್ಲ ಎನ್ನುತ್ತಾರೆ.’ ಈ ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲ ಪರೀಕ್ಷೆ ಲೆಕ್ಕಕ್ಕಿಲ್ಲ ಎಂದು ಶಂಭಣ್ಣನಿಗೆ ಹೇಳಿಕಳಿಸಲಾಯಿತು. ಎರಡನೆಯ ಸಲ ವಿಶಾಲಕ್ಕ ಆಹಾರದ ಪುಡಿಯ ಹೊಸ ಡಬ್ಬಿ ಒಡೆದರು. ಗಾಜಿನ ಪ್ಲೇಟುಗಳನ್ನು ಎರಡೆರಡು ಬಾರಿ ಬಿಸಿಗಾಳಿಯ ಒಲೆಪೆಟ್ಟಿಗೆಯಲ್ಲಿ ಕಾಯಿಸಿ ಶುದ್ಧ ಮಾಡಿದರು. ಹೋಲಿಸಿ ನೋಡಲೆಂದು ಹುಬ್ಬಳ್ಳಿಯಿಂದ ತಂದಿದ್ದ ನಿಜವಾದ ಟೈಫಾಯ್ಡ್ ರೋಗಾಣುವಿನ ಒಂದು ಕೊಳವೆ ಅವರ ಫ್ರಿಜ್ಜಿನಲ್ಲಿತ್ತು. ಅದರಿಂದಲೇ ಹೇಗೋ ತಗುಲಿರಬೇಕು ಎಂದು ಅದನ್ನೂ ಕುಕ್ಕರಿನಲ್ಲಿ ಬೇಯಿಸಿ ಎಸೆದರು. ಮೊದಲ ಬೆಳಗಿನಿಂದ ವಾರ ಕಳೆದು ಎರಡನೆಯ ಸಲದ ಪ್ಲೇಟುಗಳು ಹೊರಗೆ ಬಂದವು. ಐದು ಸ್ವಚ್ಛ. ಆರನೆಯದರಲ್ಲಿ ಒಂದು ಕಪ್ಪು ಚುಕ್ಕೆ.

ವಿಶಾಲಕ್ಕ ಸ್ಟೂಲಿನ ಮೇಲೆ ಕುಳಿತರು. ನಾನೇ ಪ್ಲೇಟನ್ನು ಅವರ ಕೈಯಿಂದ ತೆಗೆದು ಮೇಜಿನ ಮೇಲಿಟ್ಟೆ. ಆಗ ಅವರಾಗಿಯೇ ಹೇಳಿದರು.

ಮಾದೇವಿ ಅವರ ತಂಗಿ. ವಾನಳ್ಳಿ ಕಡೆಯ ಅವರ ಹುಟ್ಟಿದ ಮನೆಯಲ್ಲಿ, ಹತ್ತು ವರ್ಷದವಳಿದ್ದಾಗ ಇದೇ ಜ್ವರದಲ್ಲಿ ತೀರಿಕೊಂಡವಳು. ವಿಶಾಲಕ್ಕ ಕೆಲಸಕ್ಕೆ ಸೇರಿದ ಮೊದಲ ವಾರ, ಏನೂ ಹಚ್ಚದ ಪ್ಲೇಟಿನ ಮೇಲೆ ಏನಾದರೂ ಗುರುತು ಬರೆ ಎಂದು ಮೇಲಿನವರು ಹೇಳಿದಾಗ, ಅವರ ಕೈ ಆ ಹೆಸರು ಬರೆಯಿತಂತೆ. ಆಮೇಲೆ ಅದೇ ರೂಢಿಯಾಯಿತು.

“ದಿನಾ ಬೆಳಿಗ್ಗೆ ಪೆಟ್ಟಿಗೆ ತೆಗದ್ರೆ ಅದರ ಪ್ಲೇಟು ಸ್ವಚ್ಛ ಇರ್ತಿತ್ತು” ಎಂದರು. “ಇವತ್ತೂ ಕೂಸಿಗೆ ಎಂತದೂ ಆಗಿಲ್ಲೆ ಹೇಳಿ ಕಾಣ್ತಿತ್ತು. ಅಷ್ಟೇಯ. ಇದ್ನ ಯಾರ ಹತ್ರನೂ ಹೇಳಿದ್ನಿಲ್ಲೆ ಆನು. ನೀ ನಗಡ.”

ನಾನು ನಗಲಿಲ್ಲ. ಆದರೆ ನನ್ನ ತಲೆ ಕೆಲಸ ಮಾಡುವ ರೀತಿಯೇ ಬೇರೆ. ಹೆಸರಿಗೂ ಚುಕ್ಕೆಗೂ ಸಂಬಂಧವಿಲ್ಲವೆಂದು ಅವರಿಗೆ ತೋರಿಸಿಕೊಟ್ಟರೆ ನೆಮ್ಮದಿಯಾದೀತು ಎಂದುಕೊಂಡೆ. ಅರಬೈಲಿನ ಬಿದಿರಿನ ಹಾಗೆ ಇಲ್ಲಿಯೂ ಒಂದು ಬಿದಿರು ಇರಲೇಬೇಕು. ಮೂರನೆಯ ಸಲ ಏನೂ ಹಚ್ಚದ ಪ್ಲೇಟುಗಳನ್ನು ಎರಡು ಇಡೋಣ ಎಂದೆ. ಒಂದರ ಮೇಲೆ ‘ಖಾಲಿ’ ಎಂದು, ಇನ್ನೊಂದರ ಮೇಲೆ ‘ಮಾದೇವಿ’ ಎಂದು. ಅವರು ಒಪ್ಪಿದರು.

ಆ ಸಲ ಮಾಡಿದ್ದನ್ನು ಸರಿಯಾಗಿ ಬರೆಯುತ್ತೇನೆ. ಒಂದೇ ಪಾತ್ರೆಯಿಂದ ಏಳು ಪ್ಲೇಟುಗಳಿಗೆ ಆಹಾರ ಹೊಯ್ದರು. ಗಟ್ಟಿಯಾದ ಮೇಲೆ ಎರಡನ್ನು ಪಕ್ಕಕ್ಕೆ ತೆಗೆದು ಮುಚ್ಚಿದರು. ಅವುಗಳ ಅಂಚಿಗೆ ಸುತ್ತಲೂ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಪಟ್ಟಿ ಸುತ್ತಿದವನು ನಾನು. ಪಟ್ಟಿ ಕೂಡಿದ ಕಡೆ ಶಾಯಿಯ ಪೆನ್ನಿನಿಂದ ಸಹಿ ಮಾಡಿದವನೂ ನಾನು. ಎರಡನ್ನೂ ಮೇಜಿನ ಮೇಲೆ ಒಂದಿಷ್ಟು ಹೊತ್ತು ಅದಲುಬದಲು ಮಾಡಿ, ಎಡಗೈಗೆ ಸಿಕ್ಕಿದ್ದರ ಬೆನ್ನಿಗೆ ‘ಖಾಲಿ’ ಎಂದು, ಬಲಗೈಗೆ ಸಿಕ್ಕಿದ್ದರ ಬೆನ್ನಿಗೆ ‘ಮಾದೇವಿ’ ಎಂದು ನನ್ನ ಅಕ್ಷರದಲ್ಲಿ ಬರೆದೆ. ವಿಶಾಲಕ್ಕ ಆಗ ಬೆನ್ನು ಹಾಕಿ ಕೈ ತೊಳೆಯುತ್ತಿದ್ದರು. ಅವರು ಮುಟ್ಟಲಿಲ್ಲ. ಪೆಟ್ಟಿಗೆಯಲ್ಲಿ ಇಟ್ಟವನೂ ನಾನೇ.

ಎರಡು ದಿನದ ಮೇಲೆ ಬೆಳಿಗ್ಗೆ ಒಂಬತ್ತಕ್ಕೇ ಹೋದೆ. ಅವರು ಪೆಟ್ಟಿಗೆ ತೆರೆದಿರಲಿಲ್ಲ. “ನೀನೇ ತೆಗಿ” ಎಂದರು. ಐವರದೂ ಸ್ವಚ್ಛ. ‘ಖಾಲಿ’ ತೆಗೆದೆ, ಪಟ್ಟಿ ಬಿಗಿಯಾಗಿತ್ತು, ನನ್ನ ಸಹಿ ಹಾಗೆಯೇ ಇತ್ತು, ಒಳಗೆ ಏನೂ ಇರಲಿಲ್ಲ. ‘ಮಾದೇವಿ’ ತೆಗೆದೆ. ಪಟ್ಟಿ ಬಿಗಿಯಾಗಿತ್ತು, ನನ್ನ ಸಹಿ ಹಾಗೆಯೇ ಇತ್ತು. ಒಳಗೆ ಒಂದು ಕಪ್ಪು ಚುಕ್ಕೆ ಇತ್ತು.

ಭಯವಾಯಿತೇ ಎಂದು ನೀವು ಕೇಳಬಹುದು. ಇಲ್ಲ. ನನಗೆ ಆದದ್ದು ನಾಚಿಕೆ. ಯಾರದೋ ಮನೆಯ ದುಃಖದೊಳಗೆ ಚಪ್ಪಲಿ ಹಾಕಿಕೊಂಡು ನುಗ್ಗಿದ ಹಾಗಾಯಿತು. ಕೆಳಗಿನ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ವಿಶಾಲಕ್ಕ ಆ ಪ್ಲೇಟನ್ನು ಮುಟ್ಟಲಿಲ್ಲ. ಬೇರೆ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು, “ಆನು ಸಹಿ ಮಾಡ್ತ್ನಿಲ್ಲೆ” ಎಂದರು. ‘ಖಾಲಿ’ ಸ್ವಚ್ಛವಿದೆಯಲ್ಲ, ಐವರದೂ ಮೂರೂ ಸಲ ಸ್ವಚ್ಛ ಬಂದಿದೆಯಲ್ಲ ಎಂದು ವಾದಿಸಿದೆ. “ಮುಟ್ಟದೇ ಇಪ್ಪದ್ರಲ್ಲಿ ಬೆಳದಿದ್ದು. ಮುಟ್ಟಿದ್ದು ಸ್ವಚ್ಛ ಹೇಳಿ ಎಂತ ಧೈರ್ಯದಲ್ಲಿ ಬರೆಯದು?” ಎಂದರು.

ಅಂದರೆ ಶಂಭಣ್ಣನಿಗೆ ಪತ್ರವಿಲ್ಲ. ಮದುವೆಯ ದಿನಗಳು ಮುಗಿಯುತ್ತ ಬಂದಿದ್ದವು. ಇದನ್ನು ಅವನಿಗೆ ಯಾರಾದರೂ ಎದುರಿಗೆ ಹೋಗಿ ಹೇಳಬೇಕಿತ್ತು. ವಿಶಾಲಕ್ಕನಿಗೆ ಆಗುವಂತಿರಲಿಲ್ಲ, ಅದೇ ದಿನ ನಾನೇ ಬಸ್ಸು ಹಿಡಿದು ಸಿದ್ದಾಪುರಕ್ಕೆ, ಅಲ್ಲಿಂದ ಹೇರೂರಿಗೆ ಹೋದೆ.

ಶಂಭಣ್ಣ ಅಂಗಳದಲ್ಲಿ ದೊಡ್ಡ ದೊಡ್ಡ ಹಂಡೆಗಳನ್ನು ಮಗುಚಿ ಹಾಕಿ ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದ. ಕೆಲಸವಿಲ್ಲದವನು ಮಾಡುವ ಕೆಲಸ. ನಾನು ಹೇಳಿದ್ದನ್ನು ಪೂರ್ತಿ ಕೇಳಿದ. ಹೆಸರಿನ ವಿಷಯ ನಾನು ಹೇಳಲಿಲ್ಲ. ಏನೂ ಹಚ್ಚದ ಪ್ಲೇಟಿನಲ್ಲಿ ಬೆಳೆದದ್ದರಿಂದ ಪರೀಕ್ಷೆ ಮಾನ್ಯವಲ್ಲ ಎಂದಷ್ಟೇ ಹೇಳಿದೆ.

“ಥೋ! ನಿಂಗಳ ಪ್ಲೇಟಿಗೆ ಜ್ವರ ಬಂದ್ರೆ ಪ್ಲೇಟಿಗೆ ಗುಳಿಗೆ ಕೊಡಿ ಮಾರಾಯ್ರಾ!” ಎಂದು ಕೂಗಿದ. “ಎನ್ನ ಎಂತಕ್ಕೆ ಮನೆಲಿ ಕೂರಸ್ತ್ರಿ?”

ಕೂಗಿದ ಮೇಲೆ ಅವನಿಗೇ ಬೇಸರವಾಯಿತು. ನನ್ನನ್ನು ಜಗಲಿಯ ಮೇಲೆ ಕೂರಿಸಿ ಒಳಗೆ ತಿರುಗಿ ಕರೆದ:

“ಮಾದೇವತ್ತೇ, ಪೇಪರಿನವ್ಕೆ ಒಂಚೂರು ಮಜ್ಜಿಗೆ ತಗಂಡು ಬಾ.”

ನನ್ನ ಟಿಪ್ಪಣಿಯಲ್ಲಿ ಇಲ್ಲಿ ಸಮಯ ಬರೆದಿಲ್ಲ.

ಒಳಗಿನಿಂದ ಬಂದವರು ಎಪ್ಪತ್ತರ ಹತ್ತಿರದ, ಬಿಳಿ ಕೂದಲಿನ, ಬಾಗಿದ ಹೆಂಗಸು. ಶಂಭಣ್ಣನ ಅಪ್ಪನ ತಂಗಿ, ಎಳವೆಯಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವರು. ಲೋಟ ನನ್ನ ಮುಂದಿಟ್ಟರು. ಶುಂಠಿ, ಸೂಜಿಮೆಣಸು ಜಜ್ಜಿ ಹಾಕಿದ ಮಜ್ಜಿಗೆಯ ಪರಿಮಳ ಬಂತು. ನಾನು ಲೋಟ ಎತ್ತಲಿಲ್ಲ. ಶಂಭಣ್ಣನನ್ನು ಕೇಳಿದೆ, ಇವರೂ ಉಪನಯನದ ಅಡಿಗೆಗೆ ಬಂದಿದ್ದರಾ ಎಂದು.

“ಹೌದು, ಎಲ್ಲಾ ಕಡೆಗೂ ಬತ್ತು” ಎಂದ ಶಂಭಣ್ಣ. “ತಂಬುಳಿ, ಕಡೇ ಮಜ್ಜಿಗೆ ಎಲ್ಲಾ ಇದರ ಕೈದೇಯ. ಅದಕ್ಕೇ ಜನ ಎರಡೆರಡು ಸಲ ಹಾಕಿಸ್ಕತ್ತ.”

“ಮತ್ತ ಡಾಕ್ಟರಿಗೆ ಇವರ ಹೆಸರು ಯಾಕ ಕೊಡಲಿಲ್ರೀ?”

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ಅವು ಕೇಳಿದ್ದು ಅಡಿಗೆಯವು ಯಾರ್ಯಾರು ಹೇಳಿ. ಅತ್ತೆ ಅಡಿಗೆಯವಳನ? ಒಲೆ ಹತ್ರನೇ ಬತ್ತಿಲ್ಲೆ. ಮೂಲೆಲಿ ಕುಂತ್ಕಂಡು ತಂಬುಳಿ ಬೀಸಿ ಕೊಡ್ತು, ಅಷ್ಟೇಯ.”

ತಂಬುಳಿಯನ್ನು ಕುದಿಸುವುದಿಲ್ಲ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸೊಪ್ಪು, ಕಾಯಿ ರುಬ್ಬಿ, ಕೈಯಲ್ಲಿ ಹಿಂಡಿ, ಮಜ್ಜಿಗೆಗೆ ಬೆರೆಸುವುದು. ಉಳಿದ ಅಡಿಗೆಯೆಲ್ಲ ಬೆಂಕಿ ದಾಟಿ ಬರುತ್ತದೆ. ಬೆಂಕಿ ದಾಟದ ಎರಡನ್ನೂ ಮಾಡುತ್ತಿದ್ದವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಡಾಕ್ಟರು ಕೇಳಿರಲಿಲ್ಲ. ವಿಶಾಲಕ್ಕ ಕೇಳಿರಲಿಲ್ಲ. ಕೇಳುವುದೇ ಕೆಲಸವಾದ ನಾನೂ ಕೇಳಿರಲಿಲ್ಲ.

ಹಿಂದೆ ಯಾವಾಗಲಾದರೂ ದೊಡ್ಡ ಜ್ವರ ಬಂದಿತ್ತೇ ಎಂದು ಅವರನ್ನೇ ಕೇಳಿದೆ. ಅವರು ನೆನಪಿಸಿಕೊಳ್ಳಬೇಕಾಗಲಿಲ್ಲ. “ಮದುವೆ ಆದ ವರ್ಷ. ನಲವತ್ತು ದಿನ ಮಲಗಿದ್ದೆ. ತಲೆಕೂದ್ಲು ಪೂರಾ ಉದುರಿತ್ತು. ಎಂತಕ್ಕೆ?” ಎಂದು ನನ್ನ ಮುಖ, ಶಂಭಣ್ಣನ ಮುಖ ನೋಡಿದರು.

ಮುಂದಿನದು ಸರಳ. ಅವರ ಪರೀಕ್ಷೆ ಆಯಿತು. ಮಡಿಯಲ್ಲಿ ಬದುಕಿದ ಆ ಹೆಂಗಸು ಆ ಡಬ್ಬಿಯನ್ನು ಹೇಗೆ ಕೊಟ್ಟರೋ, ಅದನ್ನು ನಾನು ಬರೆಯುವುದಿಲ್ಲ. ವಿಶಾಲಕ್ಕ ಅವರ ಪ್ಲೇಟಿನ ಬೆನ್ನಿಗೆ ‘ಮಾದೇವಿ’ ಎಂದು ಬರೆದರು. ಅದು ಅವರ ಹೆಸರು. ಏನೂ ಹಚ್ಚದ ಪ್ಲೇಟಿನ ಮೇಲೆ ಮೊದಲ ಬಾರಿಗೆ ತಮ್ಮ ಕೈಯಾರೆ ‘ಖಾಲಿ’ ಎಂದು ಬರೆದರು. ಎರಡು ದಿನದ ಮೇಲೆ ಮಾದೇವತ್ತೆಯ ಪ್ಲೇಟು ಪೂರ್ತಿ ಕಪ್ಪಾಗಿತ್ತು. ‘ಖಾಲಿ’ ಖಾಲಿಯಾಗಿತ್ತು. ಶಂಭಣ್ಣನ ತಂಡದ ಪರೀಕ್ಷೆಗಳನ್ನು ಮತ್ತೆ ಮೂರು ಸಲ ಮಾಡಿ ವಿಶಾಲಕ್ಕ ಸಹಿ ಹಾಕಿದರು, ಡಾಕ್ಟರು ಪತ್ರ ಕೊಟ್ಟರು. ಸುದ್ದಿ ಒಳಪುಟದಲ್ಲಿ ಬಂತು. ಮೊದಲ ಪುಟ ಸಿಗಲಿಲ್ಲವೆಂದು ಶಂಭಣ್ಣ ನನ್ನನ್ನು ಬೈದ. ಮುಂದಿನ ವರ್ಷ ಅವನಿಗೆ ಮತ್ತೆ ಬಿಡುವಿಲ್ಲದಷ್ಟು ಮದುವೆಗಳು ಬಂದವು.

ಪತ್ರಿಕೆಯಲ್ಲಿ ನಾನು ‘ಮನೆಯ ಹಿರಿಯ ಮಹಿಳೆಯೊಬ್ಬರಲ್ಲಿ’ ಎಂದು ಬರೆದೆ. ಹೆಸರು ಹಾಕಲಿಲ್ಲ. ಹೇರೂರಿನಲ್ಲಿ ಹೆಸರು ಹಾಕುವ ಅಗತ್ಯವೂ ಇರಲಿಲ್ಲ. ಏನೂ ಹಚ್ಚದ ಪ್ಲೇಟಿನ ವಿಷಯ ಒಂದು ಸಾಲೂ ಬರೆಯಲಿಲ್ಲ. ಆ ಮನೆಗೆ ಹೋಗಿ ಆ ಪ್ರಶ್ನೆ ಕೇಳಬೇಕೆಂದು ನಿಮಗೆ ಹೇಗೆ ಹೊಳೆಯಿತು ಎಂದು ನನ್ನ ಸಂಪಾದಕರು ಮೆಚ್ಚಿ ಕೇಳಿದಾಗ, ಸುಮ್ಮನೆ ಎಂದೆ.

ಟಿಪ್ಪಣಿ ಪುಸ್ತಕದ ಆ ಸಾಲಿಗೆ ಈಗ ಬರುತ್ತೇನೆ. ಮೊದಲ ಬೆಳಿಗ್ಗೆಗೂ ಮೂರನೆಯದಕ್ಕೂ ನಡುವೆ ಎರಡು ವಾರಕ್ಕೂ ಹೆಚ್ಚು ದಿನ ಕಳೆದಿದ್ದವು. ಆ ನಡುವೆ ಶಂಭಣ್ಣ ಅಡಿಗೆಗೆ ಹೋಗಲಿಲ್ಲ. ಆದರೆ ಪಟ್ಟಿಯಲ್ಲಿಲ್ಲದ ಮಾದೇವತ್ತೆಯನ್ನು ಯಾರೂ ತಡೆದಿರಲಿಲ್ಲ. ನೆರೆಮನೆಯ ತಿಥಿಗೆ ಹೋಗಿ ಅವರು ತಂಬುಳಿ ಮಾಡಿಕೊಟ್ಟಿದ್ದರು. ಆ ಮನೆಯಲ್ಲಿ ಇಬ್ಬರಿಗೆ ಜ್ವರ ಬಂತು. ಒಬ್ಬಳು ಬಾಣಂತನಕ್ಕೆ ತವರಿಗೆ ಬಂದಿದ್ದ ಹುಡುಗಿ. ಅವಳು ಉಳಿದಳು, ಮಗು ಉಳಿಯಲಿಲ್ಲ. ಮೊದಲ ದಿನ ನಾನು ಬರೆದುಕೊಂಡ ಆ ಹೆಸರನ್ನು ಹಿಡಿದು ಹೇರೂರಿನಲ್ಲಿ ವಿಚಾರಿಸಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಯಾವ ವರದಿಗಾರ ತಾನೇ ವಿಚಾರಿಸುತ್ತಿದ್ದ ಎಂದು ನನಗೆ ನಾನೇ ಉತ್ತರ ಹೇಳಿಕೊಂಡಿದ್ದೇನೆ. ಉತ್ತರ ಸರಿಯಾಗಿಯೇ ಇದೆ, ಆದರೂ ಸಾಲುತ್ತಿಲ್ಲ.

ವಿವರಣೆಗಳನ್ನು ಹುಡುಕದೆ ಇಲ್ಲ. ನಮ್ಮ ಕಡೆ ಆ ವಯಸ್ಸಿನವರಲ್ಲಿ ಮೂರು ಮನೆಗೊಬ್ಬರು ಮಾದೇವಿ ಸಿಗುತ್ತಾರೆ. ಹೆಸರು ಕೂಡಿದ್ದು ಆಕಸ್ಮಿಕವಿರಬಹುದು. ಬಿಸ್ಮತ್ ಹಾಕಿದ ಆ ಆಹಾರವನ್ನು ಕುಕ್ಕರಿನಲ್ಲಿ ಇಡುವಂತಿಲ್ಲ, ಬರೀ ಕುದಿಸುತ್ತಾರೆ. ಎಲ್ಲೋ ಏನೋ ಉಳಿದಿರಬಹುದು. ಆದರೆ ಪುಡಿಯಲ್ಲೋ ಪಾತ್ರೆಯಲ್ಲೋ ದೋಷವಿದ್ದರೆ ಎಲ್ಲ ಪ್ಲೇಟಿನಲ್ಲೂ ಬೆಳೆಯಬೇಕಿತ್ತು. ವಿಶಾಲಕ್ಕನೇ ಏನಾದರೂ ಮಾಡಿರಬಹುದೇ ಎಂದೂ ಯೋಚಿಸಿದೆ, ಯೋಚಿಸಿದ್ದಕ್ಕೆ ನಾಚಿಕೆಯಿದೆ. ಮೂರನೆಯ ಸಲ ಅವರು ಮುಟ್ಟಿರಲಿಲ್ಲ. ಹುಬ್ಬಳ್ಳಿಯ ಕೊಳವೆ ಅಷ್ಟರಲ್ಲಿ ಬೂದಿಯ ಗುಂಡಿಗೆ ಹೋಗಿತ್ತು. ಒಂದೊಂದನ್ನೇ ಬಿಡಿಯಾಗಿ ತೆಗೆದುಕೊಂಡರೆ ಪ್ರತಿಯೊಂದಕ್ಕೂ ಒಂದು ಕಾರಣ ಹೇಳಬಲ್ಲೆ. ಎಲ್ಲವನ್ನೂ ಒಟ್ಟಿಗೆ ಇಟ್ಟರೆ ನನ್ನ ಕೈಲಾಗುವುದಿಲ್ಲ.

ಎರಡು ಸಾವಿರದ ನಂತರ ವಿಶಾಲಕ್ಕ ಲ್ಯಾಬ್ ಮುಚ್ಚಿದರು. ಊರಿಗೆ ಯಂತ್ರಗಳು ಬಂದಿದ್ದವು. ಸಾಮಾನು ಕಟ್ಟುವ ದಿನ ಹೋಗಿದ್ದೆ. ಇದನ್ನು ಎಂದಾದರೂ ಬರೆದೇನು ಎಂದೆ. ಬೇಡವೆನ್ನಬಹುದು ಎಂದುಕೊಂಡಿದ್ದೆ.

“ಬರಿ” ಎಂದರು. “ಆದ್ರೆ ಎನ್ನ ತಂಗಿ ಬಂದು ಹೇಳಿತ್ತು ಹೇಳಿ ಮಾತ್ರ ಬರೆಯಡ. ಹತ್ತು ವರ್ಷದ ಕೂಸು. ಬೇರೆಯವರ ಮನೆ ಮಜ್ಜಿಗೆ ಉಸಾಬರಿ ಅದಕ್ಕೆ ಎಂತಕ್ಕೆ?”

ಸ್ವಲ್ಪ ಹೊತ್ತಿನ ಮೇಲೆ, “ಆಮೇಲೆ ಯಾವತ್ತೂ ಖಾಲಿ ಪ್ಲೇಟಿಗೆ ಅದರ ಹೆಸರು ಬರದಿದ್ನಿಲ್ಲೆ ಆನು” ಎಂದರು. ಹಾಗಾಗಿ ನಾನೂ ಅವರ ಮಾತಿನಂತೆ, ಅವಳು ಬಂದಳೆಂದು ಬರೆಯುತ್ತಿಲ್ಲ. ನೋಡಿದ್ದನ್ನು ಬರೆದಿದ್ದೇನೆ.

ಕೊನೆಯದಾಗಿ ಇನ್ನೊಂದು ವಿಷಯ ಉಳಿದಿದೆ. ಮಾದೇವತ್ತೆಗೆ ತಿಂಗಳುಗಟ್ಟಲೆ ಔಷಧಿ ಕೊಟ್ಟರು. ಆಮೇಲೆ ಬೇರೆಬೇರೆ ಸಮಯದಲ್ಲಿ ಮೂರು ಸಲ ಪರೀಕ್ಷೆ ಮಾಡಿದರು. ಮೂರೂ ಪ್ಲೇಟುಗಳನ್ನು ನಾನೇ ಕಿಟಕಿಗೆ ಹಿಡಿದು ನೋಡಿದೆ. ತೆಳು ಹಸಿರು, ಎಲ್ಲೂ ಕಪ್ಪಿಲ್ಲ. ಪೂರ್ಣ ಗುಣವಾಗಿದ್ದಾರೆ ಎಂದು ಪತ್ರಿಕೆಯಲ್ಲಿ ಬರೆದೆ. ಅಷ್ಟಾದರೂ ಅವರಿಗೆ ಸಲ್ಲಬೇಕಿತ್ತು. ಅದಾಗಿ ಕೆಲವು ದಿನಗಳಿಗೆ ಬೇರೆ ಕೆಲಸಕ್ಕೆ ಆ ಕಡೆ ಹೋದವನು ಅವರ ಮನೆಗೂ ಹೋದೆ. ಶಂಭಣ್ಣ ಅಡಿಗೆಗೆ ಹೋಗಿದ್ದ, ತಂಡದ ಜೊತೆ. ಮಾದೇವತ್ತೆಯನ್ನು ಈಗ ಯಾರೂ ಕರೆಯುತ್ತಿರಲಿಲ್ಲ. ಮನೆಯಲ್ಲಿಯೂ ಒರಳುಕಲ್ಲಿನ ಹತ್ತಿರ ಬೇರೆಯವರು ಕೂರುತ್ತಿದ್ದರಂತೆ.

ನನ್ನನ್ನು ನೋಡಿ ಅವರ ಮುಖ ಅರಳಿತು. ಒಳಗೆ ಹೋಗಿ ತಾವೇ ಒಂದು ಲೋಟ ಮಜ್ಜಿಗೆ ತಂದು ಮುಂದೆ ಇಟ್ಟರು. ಅದೇ ಶುಂಠಿ, ಅದೇ ಸೂಜಿಮೆಣಸು.

“ಮೂರು ಸಲನೂ ಶುದ್ಧ ಬೈಂದಡ. ನೀವೇ ಬರದ್ರಡ” ಎಂದರು.

ಹೌದು ಎಂದೆ. ಲೋಟ ಎತ್ತಿಕೊಂಡೆ. ತಣ್ಣಗಿತ್ತು. ಬಾಯಿಯವರೆಗೂ ತಂದೆ. ಯಾರೂ ಮುಟ್ಟದ ಒಂದು ಪ್ಲೇಟನ್ನು ನಂಬಿ ನಾನು ಈ ಮನೆಯ ಬಾಗಿಲಲ್ಲಿ ಪ್ರಶ್ನೆ ಕೇಳಿದ್ದೆ. ಮೂರು ಸಲ ಸ್ವಚ್ಛ ಬಂದ ಅವರ ಪ್ಲೇಟುಗಳನ್ನೂ ನಾನೇ ಕಣ್ಣಾರೆ ನೋಡಿದ್ದೆ. ಈಗಷ್ಟೇ ಚಹಾ ಆಯ್ತು ಎಂದು ಹೇಳಿ ಲೋಟ ಕೆಳಗಿಟ್ಟೆ.

ಅವರು ಒತ್ತಾಯ ಮಾಡಲಿಲ್ಲ. “ಅಡ್ಡಿಲ್ಲೆ” ಎಂದು ಲೋಟ ತೆಗೆದುಕೊಂಡು ಒಳಗೆ ಹೋದರು. ಹೋಗುವಾಗ ಅದರ ಮೇಲೆ ಅಂಗೈ ಮುಚ್ಚಿಕೊಂಡಿದ್ದರು.